ದಿಮ್ಮಿ ಮನೆ ಕಟ್ಟಿದ ವರ್ಷ

ಹೋದ ತಿಂಗಳು ಮೆಲ್ಬರ್ನ್ ಅಂಚಿನ ಕ್ರೇಗಿಬರ್ನ್‌ನಿಂದ ಉತ್ತರಕ್ಕೆ ಹೊಸದಾಗಿ ಎದ್ದಿರುವ ಬಡಾವಣೆಯೊಂದರಲ್ಲಿ ಪರಿಚಯದವರ ಗೃಹಪ್ರವೇಶವಿತ್ತು. ಊಟ ಮುಗಿಸಿ ಹೊರಗೆ ಬಂದು ಕಾರಿನ ಬಾಗಿಲಿಗೆ ಕೈ ಹಾಕಿದ್ದೆ. ಎದುರಿನ ಸೈಟಿನಲ್ಲಿ ಯಾರೋ ಪೈನ್ ಮರ ಕೊಯ್ಯಲು ಶುರು ಮಾಡಿದರು. ಬಿಸಿಲಿಗೆ ಕಾದ ಆ ಮರದ ಪುಡಿಯ ವಾಸನೆ ರಸ್ತೆ ದಾಟಿ ಬಂತು. ನಾನು ಬಾಗಿಲು ತೆಗೆಯದೆ ಹಾಗೇ ನಿಂತೆ.

"ಯಾಕ, ಏನಾತು?" ಎಂದು ನನ್ನ ಗಂಡ ಮಹೇಶ ಕೇಳಿದ.

"ಎರ್ಕಿಯ ಯಾರ್ಡ್ ಇಲ್ಲೇ ಇತ್ತಲ್ಲ?"

ಅವನು ಸುತ್ತ ನೋಡಿದ. ಗುರುತು ಹಿಡಿಯಲು ಅಲ್ಲೇನೂ ಉಳಿದಿರಲಿಲ್ಲ. ಯಾರ್ಡಿನ ಪಕ್ಕದ ಹಳ್ಳವನ್ನು ಪೈಪಿನೊಳಗೆ ಹಾಕಿ ಮೇಲೆ ಹುಲ್ಲು ಬೆಳೆಸಿದ್ದರು. ಇಟ್ಟಿಗೆಯ ಮನೆಗಳು ಒಂದರ ಪಕ್ಕ ಒಂದು, ಎಲ್ಲವಕ್ಕೂ ಅದೇ ಬೂದು ಬಣ್ಣದ ಗ್ಯಾರೇಜು.

"ಇದ್ದರೂ ಇರಬಹುದು. ಬಿಸಲ ಭಾಳ ಐತಿ, ಕುಂಡ್ರು," ಎಂದ. ಕುಳಿತೆ.

ಅದು ೨೦೦೮. ನಾವು ಮೆಲ್ಬರ್ನ್‌ಗೆ ಬಂದು ಎರಡು ವರ್ಷವಾಗಿತ್ತು. ಮಹೇಶನಿಗೆ ರೈಲ್ವೆ ಸಿಗ್ನಲ್ ರಿಪೇರಿಯ ಕೆಲಸ ಸಿಕ್ಕಿತ್ತು. ನನ್ನ ಕೈಯಲ್ಲಿ ಧಾರವಾಡದ ಪಾಲಿಟೆಕ್ನಿಕ್ಕಿನ ಸಿವಿಲ್ ಡಿಪ್ಲೊಮಾ ಇತ್ತು. ಅದನ್ನು ಇಲ್ಲಿ ಯಾರೂ ತಿರುಗಿಸಿ ಕೂಡ ನೋಡುತ್ತಿರಲಿಲ್ಲ. ಹಿಂದಿನ ವರ್ಷದ ಕೊನೆಯಲ್ಲಿ ಸಬರ್ಬಿನ ಪುಕ್ಕಟೆ ಪೇಪರಿನಲ್ಲಿ ಮೂರು ಸಾಲಿನ ಜಾಹೀರಾತು ಕಂಡಿತ್ತು: ಮನೆಯ ನಕ್ಷೆ ಬರೆಯಲು ಜನ ಬೇಕು, ವಾರಕ್ಕೆ ಎರಡು ದಿನ. ಹೋದೆ.

ಎರ್ಕಿ ಫಿನ್ಲೆಂಡಿನವರು. ಆಗ ಎಪ್ಪತ್ತೊಂದು ವರ್ಷ. ಇಪ್ಪತ್ತರ ಹರೆಯದಲ್ಲಿ ಹಡಗು ಹತ್ತಿ ಬಂದು, ಐವತ್ತು ವರ್ಷದಿಂದ ಇಡೀ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಕೂರಿಸಿ ಮನೆ ಕಟ್ಟುತ್ತಿದ್ದರು. ಅದರಲ್ಲಿ ಹಲಗೆಯಿಲ್ಲ, ಇಟ್ಟಿಗೆಯಿಲ್ಲ. ಮೂಲೆಗಳಲ್ಲಿ ಮೊಳೆಯೂ ಇಲ್ಲ. ಮೇಲಿನ ದಿಮ್ಮಿಯ ಹೊಟ್ಟೆಯನ್ನು ಕೆಳಗಿನ ದಿಮ್ಮಿಯ ಬೆನ್ನಿಗೆ ಸರಿಯಾಗಿ ಕೆತ್ತಿ, ನಡುವೆ ಕುರಿಯ ಉಣ್ಣೆ ತುಂಬಿ, ಕೂರಿಸುತ್ತಾರೆ. ಮೂಲೆಯಲ್ಲಿ ಒಂದು ದಿಮ್ಮಿ ಇನ್ನೊಂದರ ಮೇಲೆ ಕುದುರೆಯ ಮೇಲಿನ ಜೀನಿನಂತೆ ಕವುಚಿಕೊಂಡು ಕೂರುತ್ತದೆ. ಮೊದಲು ಗೋಡೆಗಳನ್ನು ಪೂರ್ತಿಯಾಗಿ ಯಾರ್ಡಿನಲ್ಲೇ ಕಟ್ಟಿ, ದಿಮ್ಮಿಗಳಿಗೆ ನಂಬರು ಹಾಕಿ ಬಿಚ್ಚಿ, ಲಾರಿಯಲ್ಲಿ ಸೈಟಿಗೆ ಒಯ್ದು ಮತ್ತೆ ಕೂರಿಸುವುದು ಪದ್ಧತಿ.

ಮೊದಮೊದಲು ಹೆಸರು ಹಿಡಿದು ಕರೆಯಲು ಬಾಯಿ ಬರದೆ "ಸರ್" ಎನ್ನುತ್ತಿದ್ದೆ. "ಯಾವ ಸರ್? ಇಲ್ಲಿ ಇರುವುದು ನಾವಿಬ್ಬರೇ," ಎಂದು ಒಂದು ದಿನ ಅವರು ಹಿಂದೆ ತಿರುಗಿ ನೋಡಿದರು. ಅಂದಿನಿಂದ ಎರ್ಕಿ ಎಂದೇ ಕರೆದೆ.

ಅವರ ಕಣ್ಣಿನ ನಡುಭಾಗ ಮಸುಕಾಗುತ್ತಿತ್ತು. ಪಕ್ಕದಲ್ಲಿರುವುದು ಕಾಣುತ್ತಿತ್ತು, ನೇರ ಎದುರಿಗೆ ಇರುವುದು ಕಾಣುತ್ತಿರಲಿಲ್ಲ. ನಕ್ಷೆ ಬರೆಯಲು ಜನ ಬೇಕಾಗಿದ್ದು ಅದಕ್ಕೇ. ಎರಡು ತಿಂಗಳು ನಕ್ಷೆ ಬರೆದೆ. ಆಮೇಲೊಂದು ದಿನ ಅವರು ಯಾರದೋ ಸಣ್ಣ ಶೆಡ್ಡಿನ ಕೆಲಸದಲ್ಲಿ, ದಿಮ್ಮಿಯ ಮೇಲೆ ಗೆರೆ ಎಳೆಯುವ ಸ್ಕ್ರೈಬರನ್ನು ನನ್ನ ಕೈಗೆ ಕೊಟ್ಟರು. ಶಾಲೆಯ ಪೆಟ್ಟಿಗೆಯ ಕೈವಾರ ಇದ್ದಹಾಗೆ ಇರುತ್ತದೆ, ಆದರೆ ಮೊಳಕೈಯಷ್ಟು ದೊಡ್ಡದು, ನೆತ್ತಿಯ ಮೇಲೆ ನೀರಿನ ಗುಳ್ಳೆಯ ಮಟ್ಟಗೋಲು. ಒಂದು ಕಾಲು ಕೆಳಗಿನ ದಿಮ್ಮಿಯ ಉಬ್ಬುತಗ್ಗುಗಳನ್ನು ಸವರಿಕೊಂಡು ಹೋದಂತೆ, ಇನ್ನೊಂದು ಕಾಲು ಅದೇ ಉಬ್ಬುತಗ್ಗನ್ನು ಮೇಲಿನ ದಿಮ್ಮಿಯ ಮೇಲೆ ಬರೆಯುತ್ತದೆ. ಗುಳ್ಳೆ ಒಂದು ಕೂದಲು ಆಚೀಚೆ ಸರಿದರೂ ಗೆರೆ ಸುಳ್ಳಾಗುತ್ತದೆ.

"ಗುಳ್ಳೆ ನನಗೆ ಕಾಣುತ್ತಿಲ್ಲ. ನೀನು ನೋಡು," ಎಂದರು.

ನನ್ನಪ್ಪ ನವಲಗುಂದದ ಕಡೆಯ ಬಡಿಗೇರ. ಚಕ್ಕಡಿಯ ಗಾಲಿ, ಬಾಗಿಲ ಚೌಕಟ್ಟು ಮಾಡುತ್ತಿದ್ದ. ಚಿಕ್ಕವಳಿದ್ದಾಗ ಮರ ಕೆತ್ತುವ ಬಾಚಿ ಎತ್ತಿಕೊಂಡರೆ, "ಹೆಣ್ಣಮಕ್ಕಳು ಹಿಡಿಯೋದಲ್ಲ ಅದು, ಇಡು ಕೆಳಗ," ಎಂದು ಕಸಿದುಕೊಳ್ಳುತ್ತಿದ್ದ. ಸಿಟ್ಟಿನಿಂದಲ್ಲ, ಬೆಂಕಿಯ ಹತ್ತಿರ ಹೋದ ಮಗುವನ್ನು ಎಳೆದುಕೊಳ್ಳುವ ಹಾಗೆ. ನಾನು ಡ್ರಾಯಿಂಗ್ ಕಲಿತೆ. ಅವನು ಸತ್ತ ಮೇಲೆ ಆ ಉಳಿ ಬಾಚಿಗಳೆಲ್ಲ ಎಲ್ಲಿ ಹೋದವೋ. ಮೂವತ್ತೆರಡನೆಯ ವಯಸ್ಸಿನಲ್ಲಿ, ಭೂಮಿಯ ಈ ತುದಿಯಲ್ಲಿ, ಕಣ್ಣು ಕಾಣದ ಮುದುಕರೊಬ್ಬರು ಬಾಚಿಯನ್ನು ನನ್ನ ಕೈಗೆ ಕೊಟ್ಟು, ಹೆಬ್ಬೆರಳು ಎಲ್ಲಿರಬೇಕೆಂದು ತಿದ್ದಿದರು. ಆ ಸಂಜೆ ಕಾರು ಓಡಿಸುತ್ತ ಒಬ್ಬಳೇ ನಕ್ಕದ್ದು ನೆನಪಿದೆ.

ಯುಗಾದಿಗೆ ಗ್ಲೆನ್ ವೇವರ್ಲಿಯ ಶಾಲೆಯೊಂದರ ಹಾಲಿನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹೆಂಗಸು ನನ್ನ ಅಂಗೈ ಹಿಡಿದು ತಿರುಗಿಸಿದರು.

"ಏನವಾ ಇದು? ಮೆಹಂದಿ ಹಚ್ಚಿ ತೊಳಕೊಂಡಂಗ ಐತಿ."

"ಮರದ ಅಂಟು, ಆಂಟಿ. ಸೋಪಿಗೆ ಹೋಗಂಗಿಲ್ಲ."

ಅವರು ನನ್ನ ಅಂಗೈಯನ್ನು ಮೂಗಿನ ಹತ್ತಿರ ಒಯ್ದರು. ಅಷ್ಟು ಜನರ ನಡುವೆ ನನಗೆ ನಾಚಿಕೆಯಾಯಿತು. ಅವರು ಶೈಲಾ ಪಾಟೀಲ, ಬೆಳಗಾವಿಯ ಕಡೆಯವರು. ಗಂಡ ಪಾಟೀಲ ಅಂಕಲ್ ಬಾಕ್ಸ್ ಹಿಲ್‌ನಲ್ಲಿ ಅರಿವಳಿಕೆಯ ಡಾಕ್ಟರು. ಆಂಟಿಯ ತಂದೆ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕ್ಲರ್ಕ್ ಆಗಿದ್ದರಂತೆ. "ತೇಗದ ದಿಮ್ಮಿ ಮ್ಯಾಲ ಕುಂತು ಮಗ್ಗಿ ಕಲ್ತಾಕಿ ನಾನು," ಎಂದರು. ಮೆಲ್ಬರ್ನಿನ ಈಶಾನ್ಯಕ್ಕಿರುವ ಗುಡ್ಡದ ಮೇಲೆ ಒಂದು ಎಕರೆ ಜಾಗ ತೆಗೆದುಕೊಂಡು, ಏನು ಕಟ್ಟಬೇಕೆಂದು ತಿಳಿಯದೆ ನಾಲ್ಕು ವರ್ಷದಿಂದ ಖಾಲಿ ಬಿಟ್ಟಿದ್ದರು. ನಾನು ಎರ್ಕಿಯ ವಿಷಯ ಹೇಳಿದೆ. ಮರುವಾರವೇ ಗಂಡಹೆಂಡತಿ ಇಬ್ಬರೂ ಯಾರ್ಡಿಗೆ ಬಂದರು.

ಎರ್ಕಿ ಒಪ್ಪಲಿಲ್ಲ. "ಕಣ್ಣು ಹೋಗುತ್ತಿದೆ. ಈ ವರ್ಷ ಬಾಗಿಲು ಹಾಕುತ್ತೇನೆ," ಎಂದರು.

"ನಾನು ನೋಡುತ್ತೇನೆ," ಎಂದೆ.

ಅವರು ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ, "ಒಂದು ಮನೆ," ಎಂದರು.

ಆ ಮಾತನ್ನು ನಾನು ಆಡಬಾರದಿತ್ತು. ಆಡದಿದ್ದರೆ ಅವರು ಆ ಏಪ್ರಿಲಿನಲ್ಲೇ ಕೈ ತೊಳೆದುಕೊಂಡು, ಕಟ್ಟಿದ ಮನೆಗಳನ್ನಷ್ಟೇ ನೆನೆಯುತ್ತ ಹೋಗುತ್ತಿದ್ದರು.

ಮೇ ತಿಂಗಳಲ್ಲಿ ದಿಮ್ಮಿಗಳು ಬಂದವು. ಎರಡು ಹಿಡಿಯ ಕತ್ತಿಯನ್ನು ಎದೆಯ ಕಡೆ ಎಳೆಯುತ್ತ ತೊಗಟೆ ಸುಲಿದೆವು. ಒಂದು ದಿಮ್ಮಿಗೆ ಅರ್ಧ ದಿನ. ಸುಲಿದ ಮರ ನೀರಿನಿಂದ ಎತ್ತಿದ ಮೀನಿನಂತೆ ಜಾರುತ್ತಿತ್ತು. ಜೂನ್ ಜುಲೈ ಇಲ್ಲಿ ಚಳಿಗಾಲ, ಬೆಳಗಿನ ಮಂಜು ದಿಮ್ಮಿಗಳ ಮೇಲೆ ಉಪ್ಪಿನಂತೆ ಕೂತಿರುತ್ತಿತ್ತು. ಅದು ಕರಗುವವರೆಗೆ ಗೆರೆ ಎಳೆಯುವಂತಿರಲಿಲ್ಲ. ನಾನು ಗೆರೆ ಎಳೆಯುತ್ತಿದ್ದೆ. ಎರ್ಕಿ ಯಂತ್ರದ ಗರಗಸದಿಂದ ಗೆರೆಗೆ ಎರಡು ಬೆರಳು ದೂರದವರೆಗೆ ಒರಟಾಗಿ ತೆಗೆಯುತ್ತಿದ್ದರು. ಉಳಿದದ್ದನ್ನು ಬಾಚಿ ಉಳಿಗಳಿಂದ ಗೆರೆಯವರೆಗೆ ತರುವುದು ನನ್ನ ಕೆಲಸ. ಆಮೇಲೆ ಹಳೆಯ ಕ್ರೇನಿನಿಂದ ದಿಮ್ಮಿಯನ್ನು ಎತ್ತಿ, ಮಗುಚಿ, ಇಳಿಸುವುದು. ಇಳಿದು ಕೂತಾಗ ಒಂದು ಸದ್ದು ಬರುತ್ತದೆ, ದಪ್ಪ ಪುಸ್ತಕ ಮುಚ್ಚಿದಂತೆ. ಎರ್ಕಿ ಕಣ್ಣು ಮುಚ್ಚಿ ಅದನ್ನು ಕೇಳುತ್ತಿದ್ದರು. ಆಮೇಲೆ ಎರಡು ದಿಮ್ಮಿ ಕೂಡಿದ ಗೆರೆಯುದ್ದಕ್ಕೂ ಅಂಗೈ ಆಡಿಸಿ ತಲೆದೂಗುತ್ತಿದ್ದರು. ಒಮ್ಮೆಯೂ ಹೊಗಳಲಿಲ್ಲ.

ಆಗಸ್ಟಿನಲ್ಲಿ ಒಂದು ಸಲ ನನ್ನ ಸ್ಕ್ರೈಬರಿನ ತಿರುಪು ಸಡಿಲವಾಗಿದ್ದು ತಿಳಿಯಲಿಲ್ಲ. ಮೂರು ದಿನ ಕೆತ್ತಿದ ದಿಮ್ಮಿ ಇಳಿದಾಗ ನಡುವೆ ಬೆರಳು ತೂರುವಷ್ಟು ಸಂದು. ನನಗೆ ಅಳು ಬಂತು. ಎರ್ಕಿ ಆ ಸಂದಿನಲ್ಲಿ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ನಡೆದರು. "ಇದನ್ನು ತುಂಡು ಮಾಡಿ ಬಾಗಿಲ ಮೇಲೆ ಹಾಕೋಣ. ಇನ್ನೊಂದು ತಾ. ಅಳುವುದಾದರೆ ಊಟದ ಹೊತ್ತಿಗೆ ಅಳು, ಈಗ ಬೆಳಕಿದೆ," ಎಂದರು.

ವಾರಕ್ಕೆ ಎರಡು ದಿನದ ಕೆಲಸ ಆರು ದಿನವಾಯಿತು. ಮಹೇಶನಿಗೆ ಅದು ಅರ್ಥವಾಗಲಿಲ್ಲ. ಇಲ್ಲಿ ಖಾಯಂ ನೆಲೆಸುವ ಅನುಮತಿ, ಪಿಆರ್, ನಮಗಿನ್ನೂ ಸಿಕ್ಕಿರಲಿಲ್ಲ.

"ಡ್ರಾಫ್ಟಿಂಗ್ ಜಾಬ್ ಅಂತ ಹೋದಾಕಿ ಕಟಗಿ ಕಡಿಯಾಕತ್ತೀಯಲ್ಲ. ಪಿಆರ್ ಫೈಲಿಗೆ ಇದು ಎಕ್ಸ್‌ಪೀರಿಯನ್ಸ್ ಅಂತ ಲೆಕ್ಕಕ್ಕ ಬರ್ತೈತಾ?" ಎಂದ.

"ಬರಂಗಿಲ್ಲ."

"ಮತ್ತ?"

ಒಂದು ಭಾನುವಾರ ಅವನನ್ನು ಕರೆದುಕೊಂಡು ಹೋಗಿ, ಎದೆಯ ಎತ್ತರಕ್ಕೆ ಬಂದಿದ್ದ ಗೋಡೆಗಳ ನಡುವೆ ನಿಲ್ಲಿಸಿದೆ. ಅವನು ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ನಿಂತು, "ಬೆಚ್ಚಗ ಐತಿ," ಎಂದ. ಮತ್ತೆ ಪಿಆರ್ ಮಾತು ತೆಗೆಯಲಿಲ್ಲ.

ಡಿಸೆಂಬರಿನಲ್ಲಿ ಕೊನೆಯ ಸುತ್ತು ಮುಗಿಯಿತು. ಪಾಟೀಲ ದಂಪತಿ ಬುತ್ತಿ ಕಟ್ಟಿಕೊಂಡು ಬಂದು, ಸೂರಿಲ್ಲದ ಆ ಮನೆಯೊಳಗೆ ಚಾಪೆ ಹಾಸಿ ಕೂತರು. ಕಿಟಕಿಗಳ ಮೇಲೆ ಬಿಟ್ಟ ಖಾಲಿ ಜಾಗ ಯಾಕೆಂದು ಆಂಟಿ ಕೇಳಿದರು.

"ಹಸಿ ಮರ ಒಣಗಿದಂಗ ಸಣ್ಣ ಆಕ್ಕೈತಿ, ಆಂಟಿ. ಐದಾರು ವರ್ಷದಾಗ ಇಡೀ ಗ್ವಾಡಿ ಅರ್ಧ ಫೂಟ ಕೆಳಗ ಇಳೀತೈತಿ. ಅದಕ್ಕ ಜಾಗ ಬಿಟ್ಟೀವಿ."

"ನಮ್ಮಂಗ ಅನ್ನು," ಎಂದು ಅಂಕಲ್ ನಕ್ಕರು. ಎರ್ಕಿ ನಗುವಿನ ಕಡೆ ಮುಖ ತಿರುಗಿಸಿ, ಏನೂ ಅರ್ಥವಾಗದಿದ್ದರೂ ತಾವೂ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಜನವರಿಯಲ್ಲಿ ಗುಡ್ಡದ ಮೇಲೆ ಪಾಯ ಹಾಕಬೇಕಿತ್ತು. ಪಾಯದ ಕಂಟ್ರಾಕ್ಟರ್ ಸೊಂಟ ಹಿಡಿದು ಮಲಗಿದ್ದರಿಂದ ಅದು ಫೆಬ್ರವರಿ ಕೊನೆಗೆ ಹೋಯಿತು. ಗೋಡೆಗಳು ಯಾರ್ಡಿನಲ್ಲೇ ನಿಂತಿದ್ದವು.

ಫೆಬ್ರವರಿಯ ಆ ಶನಿವಾರವನ್ನು ಇಲ್ಲಿದ್ದವರು ಯಾರೂ ಮರೆತಿಲ್ಲ. ನಲವತ್ತಾರು ಡಿಗ್ರಿ. ಉತ್ತರದಿಂದ ಬೀಸುತ್ತಿದ್ದ ಗಾಳಿಗೆ ಅಂಗಳಕ್ಕೆ ಹೋದರೆ ಕಣ್ಣಿನ ನೀರು ಒಣಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಾಡ್ಗಿಚ್ಚಿನ ಹೊಗೆಗೆ ನಮ್ಮ ಮನೆಯ ಹಿಂದಿನ ಆಕಾಶ ಕಂದು ಬಣ್ಣಕ್ಕೆ ತಿರುಗಿತು. ಎರ್ಕಿ ಯಾರ್ಡಿನಲ್ಲಿ ಗೋಡೆಗಳಿಗೆ ನೀರು ಹೊಡೆಯುತ್ತ ನಿಂತಿದ್ದಾರೆಂದು ತಿಳಿದು, ನಾನೂ ಮಹೇಶನೂ ಹೋಗಿ ಇನ್ನೊಂದು ಪೈಪು ಹಿಡಿದೆವು. ಬೆಂಕಿ ನಮ್ಮ ಕಡೆ ಬರಲಿಲ್ಲ. ಸಂಜೆ ಗಾಳಿ ದಿಕ್ಕು ಬದಲಿಸಿದಾಗ ಅದು ಗುಡ್ಡಗಳ ಮೇಲೆ ಹೋಯಿತು.

ಪಾಟೀಲರ ಸೈಟಿನ ಪಕ್ಕದಲ್ಲಿ ಜೀನ್ ಮತ್ತು ರಾನ್ ಎಂಬ ವಯಸ್ಸಾದ ದಂಪತಿ ಇದ್ದರು. ಆಂಟಿ ನೆಟ್ಟಿದ್ದ ಸಸಿಗಳಿಗೆ ನಾಲ್ಕು ವರ್ಷ ನೀರು ಹಾಕಿದವರು ಅವರೇ. ಅಂದು ಸಂಜೆ ಐದಕ್ಕೆ ಆಂಟಿ ಫೋನ್ ಮಾಡಿದಾಗ ಜೀನ್ ಎತ್ತಿದ್ದರು. "ರಾನ್ ಮಾಳಿಗೆಯ ಮೇಲೆ ನೀರು ಹಾಕುತ್ತಿದ್ದಾನೆ. ನಿನ್ನ ಗಿಡಗಳಿಗೂ ಹಾಕಿದ್ದೇನೆ, ಚಿಂತೆ ಮಾಡಬೇಡ," ಎಂದರಂತೆ. ಆಂಟಿ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು. ಹೊರಟು ಬನ್ನಿ ಎಂದು ಹೇಳಲು ಅವರಿಗೆ ಹೊಳೆಯಲಿಲ್ಲ.

ಸೋಮವಾರ ಅಂಕಲ್ ಫೋನ್ ಮಾಡಿದರು. "ಸುಮಾ, ಗುಡ್ಡದಾಗ ಏನೂ ಉಳದಿಲ್ಲವಾ. ಜೀನ್, ರಾನ್… ಇಬ್ರೂ ಹೋದ್ರು."

"ಆಂಟಿ?"

"ಮಾತಾಡವಲ್ಲಳು."

ಮನೆ ಯಾರ್ಡಿನಲ್ಲಿದ್ದದ್ದು ನಸೀಬು ಎಂದು ಎಲ್ಲರೂ ಹೇಳಿದರು. ನಾನೂ ಹಾಗೇ ಅಂದುಕೊಂಡೆ. ಕಾದರೆ ಆಂಟಿ ಸುಧಾರಿಸುತ್ತಾರೆ, ಗುಡ್ಡ ಹಸಿರಾಗುತ್ತದೆ ಎಂದು ಎರ್ಕಿಗೆ ನಾನೇ ಸಮಾಧಾನ ಹೇಳಿದೆ.

ಏಪ್ರಿಲ್‌ನಲ್ಲಿ ಆಂಟಿ ಬಂದರು. ಮೈ ಇಳಿದುಹೋಗಿತ್ತು. ಒಬ್ಬರೇ ಮನೆಯೊಳಗೆ ಹೋಗಿ ನಾಲ್ಕೂ ಗೋಡೆಗಳನ್ನು ಮುಟ್ಟುತ್ತ ಒಂದು ಸುತ್ತು ಬಂದರು. ನಾನೂ ಎರ್ಕಿಯೂ ಬಾಗಿಲ ಜಾಗದಲ್ಲಿ ನಿಂತಿದ್ದೆವು.

"ಭಾಳ ಚಂದ ಆಗೈತಿ, ಸುಮಾ," ಎಂದರು. ಆಮೇಲೆ, "ಬ್ಯಾಡವಾ ನನಗ. ಆ ಗುಡ್ಡ ಹತ್ತಾಕ ಆಗೂದಿಲ್ಲ. ಬ್ಯಾರೆ ಕಡೆನೂ ಬ್ಯಾಡ. ಈ ಮರ ನೋಡಿದ್ರ ನನಗ ಜೀನ್ ದನಿ ಕೇಳತೈತಿ."

"ಏನು ಹೇಳಿದರು?" ಎಂದು ಎರ್ಕಿ ಕೇಳಿದರು.

"ತುಂಬ ಚೆನ್ನಾಗಿದೆಯಂತೆ."

"ಆಮೇಲೆ ಇನ್ನೂ ಏನೋ ಹೇಳಿದರಲ್ಲ."

ನಾನು ಹೇಳಿದೆ. ಅವರು ಆಂಟಿಯಿದ್ದ ದಿಕ್ಕಿಗೆ ತಲೆ ಬಾಗಿಸಿದರು. ಹೊರಗೆ ಹೋಗಿ, ಮಳೆ ಬರುವ ಹಾಗಿಲ್ಲದಿದ್ದರೂ, ಗೋಡೆಗಳ ಮೇಲಿನ ಟಾರ್ಪಾಲಿನ್ ಬಿಗಿದು ಕಟ್ಟತೊಡಗಿದರು.

ಆ ಚಳಿಗಾಲವಿಡೀ ನಾನು ಆ ಮನೆಗೆ ಇನ್ನೊಬ್ಬ ಒಡೆಯರನ್ನು ಹುಡುಕಿದೆ. ಆದರೆ ಬೆಂಕಿಯಾದ ಮೇಲೆ ಕಾಡಿನ ಅಂಚಿನ ಮನೆಗಳಿಗೆ ಹೊಸ ನಿಯಮ ಬಂದಿತ್ತು. ಮರದ ಗೋಡೆಯೆಂದರೆ ಒಂದಿಲ್ಲೊಂದು ಪರೀಕ್ಷೆಯ ಸರ್ಟಿಫಿಕೇಟು ಕೇಳುತ್ತಿದ್ದರು. ಎರ್ಕಿಯ ಗೋಡೆಗಳಿಗೆ ಅಂಥ ಪರೀಕ್ಷೆ ಯಾರೂ ಮಾಡಿರಲಿಲ್ಲ. ಬಯಲಿನಲ್ಲಿ ಜಾಗವಿದ್ದವರೊಬ್ಬರು ಬಂದು, ಅಳತೆ ತೆಗೆದುಕೊಂಡು, ಮನೆಯಲ್ಲಿ ಹೆಂಡತಿ ಹೆದರುತ್ತಾಳೆಂದು ಬಿಟ್ಟರು. ಇನ್ನೊಬ್ಬರು ಮೂಲೆಗಳನ್ನಷ್ಟೇ ಕತ್ತರಿಸಿ ಕೊಡಿ, ಹೋಟೆಲಿನ ಮುಂದೆ ನಿಲ್ಲಿಸುತ್ತೇನೆ ಎಂದರು. ಎರ್ಕಿ ಅವರಿಗೆ ಗೇಟು ತೋರಿಸಿದರು.

ಗಾಳಿಗೆ ಟಾರ್ಪಾಲಿನ್ ಹರಿಯಿತು. ಬಿಸಿಲು ಬಿದ್ದ ಕಡೆ ಸೀಳು ಬಿಟ್ಟಿತು, ನೀರು ನಿಂತ ಕಡೆ ಮರ ನೀಲಿಗಟ್ಟಿತು. ಸೂರಿನ ಭಾರವಿಲ್ಲದ ಗೋಡೆ ಒಣಗುತ್ತ ಒಂದೊಂದು ಕಡೆ ಒಂದೊಂದು ಥರ ತಿರುಚಿಕೊಂಡಿತು. ನಾನು ನೋಡಿದ್ದನ್ನೆಲ್ಲ ಎರ್ಕಿಗೆ ಹೇಳುತ್ತಿದ್ದೆ. ಸೆಪ್ಟೆಂಬರಿನ ಹೊತ್ತಿಗೆ ಅವರು ಕೇಳುವುದನ್ನು ನಿಲ್ಲಿಸಿದರು. ಬೆಳಕು ಯಾವುದು ನೆರಳು ಯಾವುದು ಎಂಬಷ್ಟು ಮಾತ್ರ ಆಗ ಅವರಿಗೆ ಕಾಣುತ್ತಿತ್ತು.

ಯಾರ್ಡಿನ ಜಾಗದ ಒಡೆಯರು ಅದನ್ನು ಬಡಾವಣೆಗೆ ಕೊಟ್ಟರು. ಸಿಡ್ನಿಯಲ್ಲಿದ್ದ ಎರ್ಕಿಯ ಮಗಳು ಬಂದು ಅವರನ್ನು ಕರೆದುಕೊಂಡು ಹೊರಟಳು. ನವೆಂಬರಿನೊಳಗೆ ಜಾಗ ಖಾಲಿಯಾಗಬೇಕು. ದಿಮ್ಮಿಗಳನ್ನು ಬಿಚ್ಚಿ ಒಯ್ಯಲು ಯಾರೂ ಇರಲಿಲ್ಲ, ಇಡಲು ಜಾಗವೂ ಇರಲಿಲ್ಲ. ಕೊಯ್ದು ಸೌದೆಗೆ ಒಯ್ಯುವವರನ್ನು ಕರೆಸಿದ್ದಾಯಿತು. ಹೋಗುವ ಮುಂಚೆ ಎರ್ಕಿ ಕಾರಿನ ಕಿಟಕಿ ಇಳಿಸಿ, "ಅವರು ಬಂದಾಗ ನೀನು ಇರು," ಎಂದರು. ಇರುತ್ತೇನೆ ಎಂದೆ.

ಬೆಳಿಗ್ಗೆ ಎಂಟಕ್ಕೆ ನಾಲ್ಕು ಜನ ಬಂದರು. ಒಳ್ಳೆಯವರೇ. ಒಬ್ಬ ಮೂಲೆಯನ್ನು ತಟ್ಟಿ ನೋಡಿ, "ಇಂಥದ್ದನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ," ಎಂದ. ಆಮೇಲೆ ಗರಗಸ ಶುರು ಮಾಡಿದ. ನಾನು ಹೋಗಿ ಕಾರಿನಲ್ಲಿ ಕೂತು ಗಾಜು ಏರಿಸಿದೆ. ಮಡಿಲಲ್ಲಿ ಕೈ ಇಟ್ಟುಕೊಂಡು ಆ ಕೈಗಳನ್ನೇ ನೋಡುತ್ತಿದ್ದೆ. ಸದ್ದು ಮಧ್ಯಾಹ್ನ ಎರಡಕ್ಕೆ ನಿಂತಿತು.

ಕ್ರಿಸ್‌ಮಸ್ ರಜೆಯಲ್ಲಿ ಎರ್ಕಿಯನ್ನು ನೋಡಲು ಸಿಡ್ನಿಗೆ ಹೋದೆ. ಬ್ಲ್ಯಾಕ್‌ಟೌನಿನಲ್ಲಿ ಮಗಳ ಮನೆ, ಹಿಂದಿನ ಕೋಣೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ನನ್ನ ದನಿ ಕೇಳಿ ಎದ್ದು ನಿಂತರು. ಮಹೇಶನನ್ನು ಕೇಳಿದರು, ಪಾಟೀಲರನ್ನು ಕೇಳಿದರು. ಆಂಟಿ ಈಗ ಸ್ವಲ್ಪ ಮಾತಾಡುತ್ತಾರೆ, ಗುಡ್ಡದ ಜಾಗ ಮಾರಿದರು ಎಂದೆ. ಮಗಳು ಕಾಫಿ ತರಲು ಹೋದಳು.

"ಕೊಯ್ಯುವಾಗ ಇದ್ದೆಯಲ್ಲ?" ಎಂದು ಕೇಳಿದರು.

"ಇದ್ದೆ."

"ಮೂಲೆಗಳನ್ನು ಕೊಯ್ದಾಗ ಒಳಗೆ ಹೇಗಿತ್ತು? ಉಣ್ಣೆ ಒಣಗಿತ್ತೇ? ಮರಕ್ಕೆ ಮರ ಹತ್ತಿತ್ತೇ?" ಅವರು ಕುರ್ಚಿಯ ಅಂಚಿಗೆ ಸರಿದರು. "ಹೊರಗಿನಿಂದ ಅದು ತಿಳಿಯುವುದಿಲ್ಲ. ಐವತ್ತು ವರ್ಷ ಕಟ್ಟಿದ್ದೇನೆ, ಒಂದರ ಒಳಗನ್ನೂ ನೋಡಿಲ್ಲ. ಕೊಯ್ದರೆ ಮಾತ್ರ ಕಾಣುತ್ತದೆ."

ಅಲ್ಲಿರು ಎಂದು ಅವರು ಹೇಳಿದ್ದು ಯಾಕೆಂದು ಆಗ ತಿಳಿಯಿತು.

"ನಾನು ಕಾರಿನಲ್ಲಿದ್ದೆ, ಎರ್ಕಿ. ನೋಡಲಿಲ್ಲ."

"ಒಂದು ಮೂಲೆಯೂ?"

"ಇಲ್ಲ."

ಅವರು ತಲೆಯಾಡಿಸಿದರು. ಮಗಳು ಕಾಫಿ ತಂದಳು. ಸಿಡ್ನಿಯ ಸೆಖೆಯ ಬಗ್ಗೆ, ಮೊಮ್ಮಗಳ ಈಜಿನ ಬಗ್ಗೆ ಮಾತಾಡಿದರು. ಮರದ ಮಾತು ಮತ್ತೆ ಬರಲಿಲ್ಲ. ಹೊರಡುವಾಗ ಕೈ ಚಾಚಿದರು. ಹೊಸಬರಿಗೆ ಕೊಡುವ ಹಾಗೆ, ಮೆತ್ತಗೆ, ಒಂದು ಕ್ಷಣ ಹಿಡಿದು ಬಿಟ್ಟರು. ಮರುವರ್ಷ ಅವರು ತೀರಿಕೊಂಡ ಸುದ್ದಿಯನ್ನು ಮಗಳು ಇಮೇಲಿನಲ್ಲಿ ತಿಳಿಸಿದಳು.

ಒಂದು ಸುಳ್ಳು ಹೇಳಬಹುದಿತ್ತು. ಒಣಗಿತ್ತು, ಕೂದಲು ತೂರುವಷ್ಟೂ ಸಂದಿರಲಿಲ್ಲ ಎಂದಿದ್ದರೆ ಅವರು ನಂಬುತ್ತಿದ್ದರು. ಅದು ನಿಜವೂ ಆಗಿದ್ದೀತು. ಆ ಮೇಲೆ ನಾನು ಮನೆಕಟ್ಟುವ ಕಂಪನಿಯೊಂದರಲ್ಲಿ ಡ್ರಾಫ್ಟಿಂಗ್ ಕೆಲಸಕ್ಕೆ ಸೇರಿದೆ. ಬೂದು ಗ್ಯಾರೇಜಿನ ಮನೆಗಳ ನಕ್ಷೆಗಳನ್ನು ಸಾವಿರಗಟ್ಟಲೆ ಬರೆದಿದ್ದೇನೆ, ಪಿಆರ್ ಕೂಡ ಆಯಿತು. ಕೈಯಾರೆ ಕಟ್ಟಿದ್ದು ಅದೊಂದೇ ಮನೆ. ಅದರ ಕೀಲುಗಳು ಒಳಗೆ ಸರಿಯಾಗಿದ್ದವೋ ಇಲ್ಲವೋ ಅವರಿಗೆ ತಿಳಿಯದೇ ಹೋಯಿತು. ನನಗೂ ಗೊತ್ತಿಲ್ಲ.